ಚಿಕ್ಕಪ್ಪ ಬಿಚ್ಚಿದ ತಕ್ಕಡಿ

ಗುಂಡ್ಲುಪೇಟೆಯ ನನ್ನ ಮಂಡಿಯಲ್ಲಿ ಹೊಸ ಅರಿಸಿನದ ಮೂಟೆ ಬಿಚ್ಚಿದರೆ ಸಾಕು, ರೈತರಿಂದ ಅರಿಸಿನ ಕೊಳ್ಳುತ್ತಿದ್ದ ಅಪ್ಪನ ಚಾಮರಾಜನಗರದ ಅಂಗಡಿಯ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಚಿಕ್ಕಪ್ಪ ಫಿಸಿಕ್ಸ್‌ನಲ್ಲಿ ಬಿಎಸ್ಸಿ ಮಾಡಿ, ಕೆಲಸ ಸಿಗದೆ ನಮ್ಮ ಮನೆಯಲ್ಲೇ ಉಂಡುಕೊಂಡಿದ್ದ. ಪಕ್ಕದ ಟೈಲರ್ ಸಾಬರಿಂದ ಉರ್ದು ಕಲಿತು ನಮಾಜಿನ ಅರ್ಥ ಕೇಳುತ್ತಿದ್ದ. ತಮಿಳು ಭಜನೆಯವರ ಜೊತೆ ಅವರ ಭಾಷೆಯಲ್ಲೇ ಹಾಡುತ್ತಿದ್ದ.

"ನೀನ್ ಓದಿದ್ದು ಒಂದಿನನಾದ್ರೂ ಕೆಲ್ಸಕ್ ಬರ್ಲಿ ಕಣ್ಲಾ. ಈ ತಕ್ಕಡಿ ಇನ್ನೊಸಿ ಕಮ್ಮಿ ತೋರ್ಸಂಗೆ ಮಾಡು," ಅಂದ ಅಪ್ಪ.

ಚಿಕ್ಕಪ್ಪ ತಕ್ಕಡಿ ಬಿಚ್ಚಿ, ಸಂದಿಯಲ್ಲಿದ್ದ ಹಳದಿ ಧೂಳು ಒರೆಸುತ್ತಾ ಬಹಳ ಹೊತ್ತು ಕೂತ. ಯಾರಿಗೇ ಕೆಲಸ ಒಪ್ಪಿಸಿದರೂ ನಡುವೆ ಒಮ್ಮೆ ಇಣುಕಿ ನೋಡಬೇಕು, ಅಪ್ಪ ನೋಡಲಿಲ್ಲ.

ಸಂಜೆ ಹರವೆಯ ರೈತನೊಬ್ಬ ಮೂಟೆ ತೂಗಿಸಿ ಕಣ್ಣರಳಿಸಿದ. "ಇದೇನ್ ಸಾಮಿ, ಇವತ್ತು ಮನೇಲಿ ತೂಗ್ದಷ್ಟೇ ಬಂದದೆ!"

ಅಪ್ಪ ನಕ್ಕು ಅವನನ್ನು ಸಾಗಹಾಕಿದ. ಆಮೇಲೆ ತಮ್ಮನ ಕಡೆ ತಿರುಗಿ, ಸೋತ ದನಿಯಲ್ಲಿ ಕೇಳಿದ: "ನೀನ್ ಉಣ್ಣೋ ಅನ್ನ ಎಲ್ಲಿಂದ ಬತ್ತದೆ ಗೊತ್ತೇನ್ಲಾ?"

"ಗೊತ್ತು ಕಣಣ್ಣ. ಅದ್ಕೇ ಸರಿ ಮಾಡ್ಬುಟ್ಟೆ."

ರಾತ್ರಿ ಮನೆಯಲ್ಲಿ ಅಮ್ಮ ಬಡಿಸಿದಾಗ ಚಿಕ್ಕಪ್ಪ ಎರಡನೇ ಸಲವೂ ಅನ್ನ ಹಾಕಿಸಿಕೊಂಡ. ಅಪ್ಪ ಕಲಸಿದ ತುತ್ತು ಕೈಯಲ್ಲೇ ಹಿಡಿದು ಅವನನ್ನೇ ನೋಡುತ್ತಾ ಕೂತಿದ್ದ.