ಸೌತೆಕಾಯಿಯ ನೀರು

ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನೇತುಹಾಕಿದರೆ ಮೊಸರು ಬೆಣ್ಣೆಯಷ್ಟು ಗಟ್ಟಿಯಾಗುತ್ತದಂತೆ. ಹಾಗೆಂದು ಚಿಕ್ಕಮ್ಮ ಹೇಳಿಕೊಟ್ಟರಂತೆ. ಮಗಳು ಸಿಂಕಿನ ನಲ್ಲಿಯಿಂದ ಗಂಟು ಬಿಚ್ಚುತ್ತಾ ಇದನ್ನೆಲ್ಲ ಹೇಳುತ್ತಿದ್ದರೆ ತಾಯಿ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಗಿರಾಕಿಯೊಬ್ಬರ ಗೌನಿನ ಲೈನಿಂಗಿಗೆಂದು ತಂದಿಟ್ಟಿದ್ದ ಹೊಸ ಬಟ್ಟೆ. ಬೇರೆ ದಿನವಾಗಿದ್ದರೆ ದೊಡ್ಡ ರಂಪ ಮಾಡುತ್ತಿದ್ದಳು. ಇವತ್ತು ಹೊಟ್ಟೆ ಉರಿದದ್ದು ಬಟ್ಟೆಗಲ್ಲ.

ಚಿಕ್ಕಮ್ಮ ಎಂದರೆ ಮಗಳ ಅಪ್ಪನ ಎರಡನೆಯ ಹೆಂಡತಿ. ರಜೆಯಲ್ಲಿ ಅಪ್ಪನ ಮನೆಗೆ ಹೋಗಿಬರುವ ಹುಡುಗಿ ಮೊದಮೊದಲು ಅವಳನ್ನು 'ಅವರು' ಅನ್ನುತ್ತಿದ್ದಳು. ಆಮೇಲೆ 'ಆಂಟಿ' ಆಯಿತು. ಈ ಸಲ ಬಂದಾಗ 'ಚಿಕ್ಕಮ್ಮ'. ಆ ಮಾತಿನ ಬಾಲದಲ್ಲಿ ಒಂದು 'ಅಮ್ಮ' ಸೇರಿಕೊಂಡಿದ್ದು ತಾಯಿಗೆ ಸಹಿಸಲಾಗಲಿಲ್ಲ. ಇಲ್ಲಿ ಕುಡಿದ ಲೋಟವನ್ನೂ ಎತ್ತಿಡದ ಮಹಾರಾಣಿ ಅಲ್ಲಿ ಹೋಗಿ ಅಡುಗೆ ಕಲಿತು ಬಂದಿದ್ದಾಳೆ.

ಮಗಳು ಸೌತೆಕಾಯಿ ತುರಿದು, ಉಪ್ಪು ಬೆರೆಸಿ, ಮುಷ್ಟಿಯಲ್ಲಿ ಹಿಂಡಿ ಹಿಂಡಿ ನೀರನ್ನು ಲೋಟಕ್ಕೆ ಇಳಿಸಿದಳು. ತುರಿಯನ್ನು ಮೊಸರಿಗೆ ಹಾಕಿ ಜಜ್ಜಿದ ಬೆಳ್ಳುಳ್ಳಿ, ಆಲಿವ್ ಎಣ್ಣೆ, ನಿಂಬೆರಸ, ಮೆಣಸಿನಪುಡಿ ಸೇರಿಸಿದಳು. ಮೊಸರಿಗೆ ಸೌತೆಕಾಯಿ ಕಲಸುವುದು ತನಗೂ ಗೊತ್ತು ಎಂದು ತಾಯಿ ಗೊಣಗಿದಳು.

"ಅದು ಬೇರೆ, ಇದು ಬೇರೆ ಅಮ್ಮ. ಇದನ್ನ ಬ್ರೆಡ್ಡಿಗೆ ಹಚ್ಕೊಂಡು ತಿನ್ನೋದು. ಚಮಚ ತಲೆಕೆಳಗು ಮಾಡಿದ್ರೂ ಬೀಳಬಾರದು."

ಹಾಗೆಂದು ಒಂದು ಚಮಚ ತಾಯಿಯ ಬಾಯಿಗಿಟ್ಟಳು. ಚೆನ್ನಾಗಿತ್ತು. ಕಷ್ಟ ಬಂದದ್ದೇ ಅಲ್ಲಿ.

ಅಷ್ಟರಲ್ಲಿ ಫೋನು ಬಂತು. ಹೇಗಾಯಿತು ಎಂದು ಕೇಳಲು ಆ ಚಿಕ್ಕಮ್ಮನೇ ಮಾಡಿದ್ದಳು. ಮಗಳು ಫೋನು ಹಿಡಿದು ಕೋಣೆಗೆ ಓಡಿದಳು, ಅಲ್ಲಿಂದ ನಗು ಕೇಳಿಸಿತು. ತಾಯಿ ಬಾಗಿಲ ಕಡೆ ಒಮ್ಮೆ ನೋಡಿ, ಲೋಟದಲ್ಲಿದ್ದ ಸೌತೆಕಾಯಿಯ ನೀರನ್ನು ಅಷ್ಟೂ ಬಟ್ಟಲಿಗೆ ಸುರಿದು ಕಲಕಿದಳು. ಲೋಟ ತೊಳೆದು ಬೋರಲು ಹಾಕಿದಳು. ತನ್ನ ಮನೆಯಲ್ಲೇ ಕಳ್ಳತನ ಮಾಡಿದ ಹಾಗೆ ನಾಚಿಕೆಯಾಯಿತು. ಹೊಟ್ಟೆ ತಣ್ಣಗೂ ಆಯಿತು.

ಮಗಳು ಬಂದು ಚಮಚ ಎತ್ತಿದರೆ ತೊಟತೊಟ ಸೋರಿತು. ಪಾಪ, ನಿಮ್ಮ ಚಿಕ್ಕಮ್ಮ ಏನೋ ಹೇಳಿಕೊಡುವುದನ್ನು ಮರೆತಿರಬೇಕು ಎಂದು ತಾಯಿ ಬೆಣ್ಣೆಯಂಥ ದನಿಯಲ್ಲಿ ಅಂದಳು. ಹುಡುಗಿಯ ಮುಖ ಸಪ್ಪಗಾಗುವುದನ್ನು, ಇನ್ನು ನೀನೇ ಮಾಡಮ್ಮ ಅನ್ನುವುದನ್ನು ಕಾದಳು. ಹುಡುಗಿ ಕಿಸಕ್ಕನೆ ನಕ್ಕಳು.

"ಚಿಕ್ಕಮ್ಮ ಮೊದಲ ಸಲ ಮಾಡಿದಾಗಲೂ ಹೀಗೇ ನೀರಾಗಿತ್ತು. ಅಪ್ಪ ಬಟ್ಟಲು ಎತ್ಕೊಂಡು ಗಟಗಟ ಕುಡಿದುಬಿಟ್ರು. ಚೆನ್ನಾಗಿದೆ, ಇನ್ನೂ ಇದ್ರೆ ಹಾಕು ಅಂದ್ರು."

"ನಿಮ್ಮಪ್ಪನಾ?"

"ಇನ್ಯಾರು?"

ತಾಯಿ ಒಣಗಿದ್ದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದಳು. ಉಪ್ಪು ಒಂದು ಹರಳು ಕಡಿಮೆಯಾದರೂ ತಟ್ಟೆ ತಳ್ಳಿ ಎದ್ದುಹೋಗುತ್ತಿದ್ದ ಮನುಷ್ಯ ಅವನು. ಆ ತಟ್ಟೆಯ ಸದ್ದು ಸಾಕಾಗಿಯೇ ಅವಳು ಮಗುವನ್ನೂ ಹೊಲಿಗೆ ಯಂತ್ರವನ್ನೂ ತೆಗೆದುಕೊಂಡು ಈ ಎರಡು ಕೋಣೆಯ ಮನೆಗೆ ಬಂದದ್ದು. ಅವನ ಹುಟ್ಟುಗುಣವೇ ಹಾಗೆ, ಯಾರು ಬಂದರೂ ಅಷ್ಟೇ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು.

"ಉಪ್ಪು ಸರಿಯಾಗಿ ಬಿದ್ದಿತ್ತೇನೋ," ಎಂದಳು ಕೊನೆಗೆ.

"ಉಪ್ಪಾ? ಹಾಕೋದನ್ನೇ ಮರೆತಿದ್ರು. ಅಪ್ಪ ಹೇಳಲೇ ಇಲ್ಲ. ನಾವು ಬಾಯಿಗಿಟ್ಟಾಗಲೇ ಗೊತ್ತಾಗಿದ್ದು."