ಕಿಲೋಗೆ ಐದು ಗ್ರಾಂ ಬೆರಕೆ

"ಬೆರೆಸಿದ್ದು ನೀನೇ ತಾನೆ? ಬಾಯಿ ಬಿಡು!"

ಪ್ರೊಫೆಸರ್ ಭಾನುಪ್ರಕಾಶ್ ಮೇಜು ಗುದ್ದಿದರು. ಕಾಫಿ ಲೋಟಗಳು ಅಲುಗಿದವು. ನೇತ್ರಾವತಿ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ. ಅವರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ ಮೂರು ವರ್ಷವಾಗಿತ್ತು. ಮೂರು ವರ್ಷದಿಂದಲೂ ಹೇಳಿರಲಿಲ್ಲ.

ತುಮಕೂರಿನ ಆ ಖಾಸಗಿ ಕಾಲೇಜಿನ ಸಭಾಕೊಠಡಿಯಲ್ಲಿ ಇನ್ನಿಬ್ಬರು ಕೂತಿದ್ದರು. ಒಬ್ಬರು ಪ್ರಾಂಶುಪಾಲೆ ಪ್ರೇಮಲತಾ. ಇನ್ನೊಬ್ಬರು ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಮ್ಯಾನೇಜರ್ ಗಂಗಾಧರ್. ಬಾಗಿಲ ಬಳಿ ಅಟೆಂಡರ್ ಓಬಳಯ್ಯ.

ಮೇಜಿನ ಮೇಲೆ ಎರಡು ಕಾಗದ. ಒಂದು ಪೇಟೆಂಟ್ ಅರ್ಜಿಯ ಕರಡು. ದೀಪ ಆರಿಸಿದ ಮೇಲೂ ಹತ್ತು ಸೆಕೆಂಡು ಹಳದಿಯಾಗಿ ಬೆಳಗುವ ಪುಡಿಯೊಂದರ ಮೇಲಿನ ಹಕ್ಕಿಗಾಗಿ. ಲೋಹವಿಲ್ಲ, ಬರೀ ಇಂಗಾಲದ ಅಣುಗಳು. ಮಂಜುಗಡ್ಡೆಯಲ್ಲಿ ಇಡಬೇಕಿಲ್ಲ, ತುಮಕೂರಿನ ಸೆಕೆಯಲ್ಲೇ ಬೆಳಗುತ್ತದೆ. ಔಷಧದ ಡಬ್ಬಿ ಅಸಲಿಯೋ ನಕಲಿಯೋ ತಿಳಿಸುವ ಮುದ್ರೆಗೆ ಗಂಗಾಧರ್ ಕಂಪನಿಗೆ ಅದು ಬೇಕಾಗಿತ್ತು. ಕಂಡುಹಿಡಿದವರು ಎಂಬಲ್ಲಿ ಒಂದೇ ಹೆಸರಿತ್ತು: ಭಾನುಪ್ರಕಾಶ್. ಆ ಪುಡಿಯನ್ನು ಮೂರು ವರ್ಷ ಕಾಯಿಸಿ, ಸೋಸಿ, ಹರಳುಗಟ್ಟಿಸಿದವಳ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಹೋದ ವಾರ ಅವಳು ಬಾಯಿಬಿಟ್ಟು ಕೇಳಿದ್ದಳು.

"ಪಾತ್ರೆ ತೊಳೆದವರ ಹೆಸರೆಲ್ಲ ಹಾಕೋಕೆ ಅದೇನು ಪೇಟೆಂಟಾ, ಲಗ್ನಪತ್ರಿಕೇನಾ?" ಎಂದು ಪ್ರೊಫೆಸರ್ ನಕ್ಕಿದ್ದರು.

ಎರಡನೆಯ ಕಾಗದ ಕಂಪನಿಯ ಪರೀಕ್ಷಾ ವರದಿ. ಪುಡಿಯಲ್ಲಿ ಬೇರೊಂದು ವಸ್ತು ಸಿಕ್ಕಿದೆ. ಕಿಲೋಗೆ ಐದು ಗ್ರಾಂ.

"ಕೊಳೆ ಬೆಳಕನ್ನ ನುಂಗುತ್ತೆ ಗಂಗಾಧರ್. ಪಠ್ಯಪುಸ್ತಕದಲ್ಲೇ ಇದೆ. ನಮ್ಮನೇಲಿ ತೊಳೆದ ಅಕ್ಕೀನೂ ಇನ್ನೊಂದ್ಸಲ ತೊಳೀತಾರೆ. ಇವರ ಕಡೆ ಮಡಿ ಅಂದ್ರೇನು ಅಂತ ಗೊತ್ತಿದ್ರೆ ತಾನೆ? ಬೆರಕೆ!"

ಪುಡಿಗೆ ಹೇಳಿದ ಮಾತನ್ನು ಪ್ರೊಫೆಸರ್ ನೇತ್ರಾವತಿಯ ಮುಖ ನೋಡಿ ಹೇಳಿದರು.

'ಇವರ ಕಡೆ' ಎಂದರೆ ಅವಳು ಹುಟ್ಟಿ ಬೆಳೆದ ಗುಬ್ಬಿ ಪಕ್ಕದ ಕೇರಿ ಎಂಬುದು ಕೊಠಡಿಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಪ್ರೇಮಲತಾ ಕಿಟಕಿ ನೋಡಿದರು. ಗಂಗಾಧರ್ ಪೆನ್ನು ನೋಡಿದರು. ಇಂಥ ಹೊತ್ತಿನಲ್ಲಿ ಓದಿದವರ ಕಣ್ಣಿಗೆ ನೋಡಲು ಎಷ್ಟೊಂದು ವಸ್ತುಗಳು!

ನಾಲ್ಕು ತಿಂಗಳ ಹಿಂದೆ ನೇತ್ರಾವತಿ ತಾನಾಗಿಯೇ ಪ್ರೊಫೆಸರ್ ಬಾಗಿಲಿಗೆ ಹೋಗಿದ್ದಳು. "ಸಾರ್, ಆ ಬೆರಕೆ ವಿಷಯ ಮಾತಾಡ್ಬೇಕಿತ್ತು." "ಮೊದಲು ಸಿಂಕ್ ತೊಳಿ, ಹೋಗು" ಎಂದು ಬಾಗಿಲು ಹಾಕಿಕೊಂಡಿದ್ದರು.

"ಹೌದು. ಬೆರೆಸಿದ್ದು ನಾನೇ," ಎಂದಳು.

"ಗೊತ್ತಾಗದೆ ಆಯ್ತೇನಮ್ಮಾ?" ಗಂಗಾಧರ್ ಕೇಳಿದರು.

"ಇಲ್ಲ ಸಾರ್. ಬೇಕು ಅಂತ್ಲೇ ಬೆರೆಸ್ದೆ."

ಪ್ರೊಫೆಸರ್ ಮುಖ ಪೂರಿಯಂತೆ ಉಬ್ಬಿತು. ಹಾಳೆಗಳನ್ನು ಅವಳ ಮುಂದೆ ಎಸೆದರು. "ಬರಿ. ಏನು ಬೆರೆಸ್ದೆ, ಎಷ್ಟು, ಹೇಗೆ, ಯಾವತ್ತಿಂದ. ಒಂದೂ ಬಿಡಬೇಡ. ನಾಳೆ ಇದು ನನ್ನ ತಲೆಗೆ ಬರಬಾರದು."

ನೀರು ಕೊಡುವ ನೆಪದಲ್ಲಿ ಓಬಳಯ್ಯ ಬಗ್ಗಿದ. "ಬರ್ಕೊಡ್‌ಬ್ಯಾಡ ಕಣವ್ವ. ಕುಣಿಗಲ್‌ನಾಗೆ ನಮ್ಮಣ್ಣ ಹಿಂಗೇ ತಪ್ಪಾಯ್ತು ಅಂತ ಬರ್ಕೊಟ್ಟು ಬೀದಿಗೆ ಬಿದ್ದ. ಕೆಲ್ಸ ಹೋದ್ರೆ ಹೋಗ್ಲಿ ಬುಡು, ಮಾನ ಬ್ಯಾಡ್ವಾ?"

"ಮಾನಕ್ಕೇ ಬರೀತಿರೋದು ಓಬಳಣ್ಣ."

ಓಬಳಯ್ಯನಿಗೆ ರೇಗಿತು. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಬಾಗಿಲಿಗೆ ಹೋಗಿ ನಿಂತ.

ಎರಡು ಪುಟ ಬರೆದಳು. ಮೂಲ ಅಣುವಿಗೆ ದಾಯಾದಿಯಂಥ ಆ ಇನ್ನೊಂದು ಅಣುವಿನ ಹೆಸರು, ತೂಕ, ಎಷ್ಟು ಕಾವಿನಲ್ಲಿ ಎರಡನ್ನೂ ಕರಗಿಸಿ ಕೂಡಿಸಿದ್ದು, ಮೊದಲ ಸಲ ಬೆರೆಸಿದ ತಾರೀಖು. ಸಿಟ್ಟಿಗೆ ಪೆನ್ನಿನ ಮುಳ್ಳು ಹಾಳೆ ಹರಿಯುವಂತಿತ್ತು. ಅಕ್ಷರ ಮಾತ್ರ ದುಂಡಗಿತ್ತು.

"ನಿಮಗೆ ಇದರಲ್ಲಿ ಪಾಲಿಲ್ಲ ಅಂತಾನೂ ಸೇರಿಸ್ಲಾ ಸಾರ್?"

"ನೀನೇನು ಸೇರಿಸೋದು? ಕೊಡಿಲ್ಲಿ!" ಅವರೇ ಬರೆದರು: 'ಈ ಬೆರಕೆಯು ನೇತ್ರಾವತಿ ಒಬ್ಬಳದೇ ಕೃತ್ಯ. ನನಗೂ ನನ್ನ ಸಂಶೋಧನೆಗೂ ಇದರೊಂದಿಗೆ ಯಾವುದೇ ಸಂಬಂಧವಿರುವುದಿಲ್ಲ.' ಸಹಿ. ಪ್ರೇಮಲತಾ ಸಹಿ ಹಾಕಿ ಕಾಲೇಜಿನ ಮೊಹರು ಒತ್ತಿದರು. ಗಂಗಾಧರ್ ಸಾಕ್ಷಿಯ ಸಹಿ ಹಾಕಿದರು. ನೇತ್ರಾವತಿ ತನಗೊಂದು ಪ್ರತಿ ಕೇಳಿದಳು.

"ತಗೋ, ಫ್ರೇಮ್ ಹಾಕಿಸ್ಕೋ. ನಾಳೆಯಿಂದ ಇತ್ತ ತಲೆ ಹಾಕಬೇಡ," ಎಂದರು ಪ್ರೊಫೆಸರ್. ಆಮೇಲೆ ಬ್ಯಾಗಿನಿಂದ ಪುಟ್ಟ ಸೀಸೆ ತೆಗೆದರು. "ಈಗ ಅಸಲಿ ಮಾಲು ನೋಡಿ ಗಂಗಾಧರ್. ನನ್ನ ಕೈಯಾರೆ ಏಳು ಸಲ ಶುದ್ಧ ಮಾಡಿದ್ದು. ಈಗ ತಾನೇ ಒಣಗ್ತು, ನಾನೂ ಇನ್ನೂ ದೀಪಕ್ಕೆ ಹಿಡಿದಿಲ್ಲ. ಆ ಕೊಳೆ ಇಟ್ಕೊಂಡೇ ಹತ್ತು ಸೆಕೆಂಡು ಬೆಳಗಿದ್ರೆ, ಇದು ಇಪ್ಪತ್ತು ಬೆಳಗುತ್ತೆ."

ಓಬಳಯ್ಯ ಪರದೆ ಎಳೆದ. ನೇರಳೆ ದೀಪ ಹತ್ತಿತು. ಆರಿತು.

ಕತ್ತಲು.

"ಇನ್ನೊಂದ್ಸಲ ಹಾಕು."

ಮತ್ತೆ ಹತ್ತಿತು, ಆರಿತು. ಕತ್ತಲು. ಒಂದು ಮಿಣುಕೂ ಇಲ್ಲ.

"ದೀಪ ಕೆಟ್ಟಿದೆ," ಎಂದಿತು ಪ್ರೊಫೆಸರ್ ದನಿ.

ಗಂಗಾಧರ್ ತಮ್ಮ ಕಂಪನಿಗೆ ಬಂದಿದ್ದ ಬೆರಕೆ ಇದ್ದ ಹಳೆಯ ಪುಡಿಯನ್ನು ಜೇಬಿನಿಂದ ತೆಗೆದು, ಚಿಟಿಕೆಯಷ್ಟನ್ನು ಅದೇ ದೀಪದ ಕೆಳಗಿಟ್ಟರು. ದೀಪ ಹತ್ತಿ, ಆರಿತು. ಪುಡಿ ಹಳದಿಯಾಗಿ ಬೆಳಗಿತು. ಒಂದು, ಎರಡು, ಮೂರು... ಹತ್ತರವರೆಗೆ.

ಇಷ್ಟು ದಿನ ಪುಡಿಯನ್ನು ಬೆಳಗಿಸುತ್ತಿದ್ದುದು ಆ ಬೆರಕೆಯೇ. ಅದು ನೇತ್ರಾವತಿ ಒಬ್ಬಳದೇ ಎಂದು ಭಾನುಪ್ರಕಾಶರು ಆಗಲೇ ತಮ್ಮ ಕೈಯಾರೆ ಬರೆದುಕೊಟ್ಟಾಗಿತ್ತು.