ಕಾಗದ ನೋಡಬಾರದು

"ಕೈ ನೋಡಬಾರದು, ಕಾಗದ ನೋಡಬಾರದು. ಎದುರಿಗೆ ಕೂತವರ ಮುಖ ಮಾತ್ರ ನೋಡಬೇಕು," ಎಂದು ಚಿತ್ರಕಲೆಯ ಮೇಡಂ ಇಬ್ಬರಿಗೂ ಒಂದೊಂದು ಕಾಗದದ ತಟ್ಟೆ ಕೊಟ್ಟರು. ತಟ್ಟೆಯ ನಡುವಿನ ತೂತಿಗೆ ಕಪ್ಪು ಪೆನ್ಸಿಲ್ ತೂರಿಸಿತ್ತು. ಕೈ ತಟ್ಟೆಯ ಅಡಿಗೆ ಹೋದರೆ ಗೆರೆ ಎತ್ತ ಓಡುತ್ತಿದೆ ಎಂದು ಬರೆಯುವವರಿಗೇ ಕಾಣದು.

"ತಟ್ಟೆ ಕೊಟ್ಟು ಊಟ ಹಾಕಲ್ವಂತಾ?" ಎಂದು ಅಕ್ಕ ಪಿಸುಗುಟ್ಟಿದಳು. ಚಿಕ್ಕವಳಿಗೆ ನಗು ಬರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಚಿಕ್ಕವಳ ಓರಗಿತ್ತಿ. ಮದುವೆಯಾದಾಗಿನಿಂದ ಇಬ್ಬರಿಗೂ ಒಂದೇ ಅಡುಗೆಮನೆ. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಇವತ್ತು ಎಲ್ಲರಿಗೂ ಬಾಗಿಲು ತೆರೆದಿತ್ತು. ಒಂದು ಕೋಣೆಯಲ್ಲಿ ಮಣ್ಣು ಕಲಸುತ್ತಿದ್ದರು, ಪಕ್ಕದಲ್ಲಿ ಮರದ ಅಚ್ಚು ಒತ್ತುತ್ತಿದ್ದರು, ಇಲ್ಲಿ ಚಿತ್ರ. ಪುಕ್ಕಟೆ ಎಂದು ಕೇಳಿದ್ದೇ ಅಕ್ಕ ಸೀರೆ ಬದಲಾಯಿಸಿ ಹೊರಟಿದ್ದಳು. ಚಿಕ್ಕವಳು ಕರೆತಂದ ಕಾರಣವೇ ಬೇರೆ. ಇವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಅವಳ ಗಂಡ ಬೇರೆ ಮನೆ ಮಾಡುವ ವಿಷಯ ಹೇಳುವವನಿದ್ದ. ಅದಕ್ಕೆ ಮುಂಚೆ ಅಕ್ಕನಿಗೆ ತಾನೇ ಹೇಳಬೇಕು. ಆ ಮನೆಯಲ್ಲಿ ಗುಟ್ಟು ಹೇಳಲು ಒಂದು ಮೂಲೆಯೂ ಇರಲಿಲ್ಲ. ಬಸ್ಸಿನಲ್ಲಿ ಮಾತು ಬಾಯಿವರೆಗೆ ಬಂದಾಗ ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಮೊದಲ ಸರದಿ ಅಕ್ಕನದು. ಅವಳು ಕಣ್ಣು ಕಿರಿದು ಮಾಡಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಚಿಕ್ಕವಳ ಮುಖ ನೋಡುತ್ತಾ ಬರೆದಳು. ಸರದಿ ಮುಗಿಯಿತೆಂದು ಮೇಡಂ ಗಂಟೆ ಬಾರಿಸಿದಾಗ ಚಿಕ್ಕವಳ ಬೆನ್ನು ಬೆವೆತಿತ್ತು.

ಈಗ ಅವಳ ಸರದಿ. ಹಣೆಯಿಂದ ಶುರು ಮಾಡಿದಳು. ಅಕ್ಕನ ಕಿವಿಯ ಕೆಳಗೊಂದು ಸುಟ್ಟ ಕಲೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವಳು ನೋಡಿದ್ದು ಅಕ್ಕನ ಬೆನ್ನನ್ನು: ಒಲೆಯ ಮುಂದಿನ ಬೆನ್ನು, ನಲ್ಲಿಯ ಮುಂದಿನ ಬೆನ್ನು.

"ಹೊಸ ಮನೇಲಿ ಅಡುಗೆಮನೆ ಕಿಟಕಿ ಯಾವ ಕಡೆಗಿದೆ?" ಅಕ್ಕ ಮೆಲ್ಲಗೆ ಕೇಳಿದಳು.

ಪೆನ್ಸಿಲ್ ನಿಂತಿತು. ಹಿಂದಿನಿಂದ ಮೇಡಂ ದನಿ ಬಂತು. "ಗೆರೆ ನಿಲ್ಲಿಸಬೇಡಿ. ಬರೆಯೋರು ಮಾತಾಡೋ ಹಾಗಿಲ್ಲ. ಅಮ್ಮಾ, ನೀವೂ ತುಟಿ ಅಲ್ಲಾಡಿಸಬೇಡಿ."

"ಆಯ್ತಮ್ಮ," ಎಂದ ಅಕ್ಕ, ಮೇಡಂ ಮುಂದಿನ ಮೇಜಿಗೆ ಹೋದ ಮೇಲೆ ತುಟಿ ಆದಷ್ಟೂ ಅಲ್ಲಾಡದ ಹಾಗೆ ಮುಂದುವರಿಸಿದಳು. "ಯಾರು ಹೇಳಿದ್ರು ಅಂತ ನೋಡ್ತಿದ್ದೀಯಾ? ಯಾರೂ ಹೇಳಿಲ್ಲ. ಒಂದು ತಿಂಗಳಿಂದ ನನ್ನ ಹತ್ರ ನೀನು ಜಗಳಾನೇ ಆಡಿಲ್ಲ. ನಿನ್ನ ಡಬ್ಬಿಗಳನ್ನ ನಾನು ಎತ್ತಿ ಬೇರೆ ಕಡೆ ಇಟ್ಟೆ, ನೀನು ಸುಮ್ನಿದ್ದೆ. ಉಪ್ಪು ಜಾಸ್ತಿ ಆಯ್ತು, ತಲೆ ಬಗ್ಗಿಸಿ ತಿಂದೆ. ಬಿಟ್ಟು ಹೊರಡೋರು ಮಾತ್ರ ಕಣೆ ಅಷ್ಟು ಒಳ್ಳೆಯವರಾಗಿರೋದು."

ಬೇರೆ ಎಲ್ಲಾದರೂ ಆಗಿದ್ದರೆ ಚಿಕ್ಕವಳು ತರಕಾರಿಯನ್ನೋ ಒಣಗಿದ ಬಟ್ಟೆಯನ್ನೋ ಕೈಗೆತ್ತಿಕೊಂಡು ಮುಖ ತಗ್ಗಿಸುತ್ತಿದ್ದಳು. ಇಲ್ಲಿ ನೋಡುವುದೇ ಕೆಲಸ. ತಟ್ಟೆಯ ಅಡಿಯಲ್ಲಿ ಕೈ ತನ್ನ ಪಾಡಿಗೆ ಹೋಗುತ್ತಿತ್ತು. ಅಕ್ಕನ ಮುಖದಲ್ಲಿ ಕೋಪ ಹುಡುಕಿದಳು, ಸಿಗಲಿಲ್ಲ.

"ಒಂದೇ ಮಾತು ಕೇಳ್ತೀನಿ," ಎಂದಳು ಅಕ್ಕ. "ನನ್ನಿಂದಾನಾ?"

ಅಲ್ಲ ಎಂದು ತಲೆ ಆಡಿಸಿಬಿಡಬಹುದಿತ್ತು. ಹಾಗೆ ಆಡಿಸಿ ಆಡಿಸಿಯೇ ಅವಳಿಗೆ ಇಷ್ಟು ವರ್ಷ ಕಳೆದಿತ್ತು. ಅವಳು ನೋಡುತ್ತಲೇ ಇದ್ದಳು, ಬರೆಯುತ್ತಲೇ ಇದ್ದಳು. ಗಂಟೆ ಬಾರಿಸಿತು.

"ಕಿಟಕಿ ಬೀದಿ ಕಡೆಗಿದೆ, ಅಕ್ಕ," ಎಂದಳು. "ಸ್ವಲ್ಪ ನಿಮ್ಮಿಂದಾನೂ ಹೌದು."

ಅಕ್ಕ ಸೆರಗು ಸರಿಮಾಡಿಕೊಂಡಳು. "ಸ್ವಲ್ಪಾನಾ? ನಾನು ಪೂರ್ತಿ ನನ್ನಿಂದಾನೇ ಅಂದ್ಕೊಂಡಿದ್ದೆ."

ತಟ್ಟೆಗಳನ್ನು ಎತ್ತಿದರು. ಅಕ್ಕ ಬರೆದದ್ದರಲ್ಲಿ ಚಿಕ್ಕವಳ ಎರಡೂ ಕಣ್ಣು ಒಂದರ ಮೇಲೊಂದು ಕೂತಿದ್ದವು. ಚಿಕ್ಕವಳು ಬರೆದದ್ದು ಕಾಗದದಲ್ಲಿ ಹಿಡಿಸಿರಲೇ ಇಲ್ಲ. ಹಣೆ, ಮೂಗು, ಒಂದು ಕೆನ್ನೆ ಅಲ್ಲಿದ್ದವು. ಉಳಿದ ಕೆನ್ನೆ, ಗದ್ದ, ಕಿವಿಯ ಕೆಳಗಿನ ಕಲೆ ಎಲ್ಲ ಅಂಚು ದಾಟಿ ಬರಿಯ ಮೇಜಿನ ಮೇಲೆ ಹರಿದಿದ್ದವು.

"ಪರವಾಗಿಲ್ಲ, ಹೀಗೆ ಆಗ್ತಾನೇ ಇರುತ್ತೆ," ಎಂದ ಮೇಡಂ ಒದ್ದೆ ಬಟ್ಟೆ ಚಾಚಿದರು. ಮುಂದಿನ ಜೋಡಿ ತಟ್ಟೆ ಹಿಡಿದು ಆಗಲೇ ಕಾಯುತ್ತಿತ್ತು.

ಅಕ್ಕನ ಕೈ ತಾನಾಗಿಯೇ ಬಟ್ಟೆಗೆ ಹೋಯಿತು. ಇನ್ನೊಂದು ತುದಿಯನ್ನು ಚಿಕ್ಕವಳು ಹಿಡಿದುಕೊಂಡಳು.

"ಬಿಡಿ ಅಕ್ಕ. ಎಲ್ಲಾ ನೀವೇ ಒರೆಸ್ಬೇಕಾ?"

"ನೀನು ಒರೆಸಿದ್ರೆ ಅಂಚಲ್ಲಿ ಉಳಿಯುತ್ತೆ."

"ಉಳೀಲಿ."

"ಉಳೀಲಿ ಅಂದ್ರೆ? ಬೇರೆಯವರು ಕೂರೋ ಜಾಗ ಇದು."

"ನಾನು ಬರೆದಿದ್ದು, ನಾನು ಒರೆಸ್ತೀನಿ."

"ನನ್ನ ಮುಖ ತಾನೆ ಅದು?"

ಇಬ್ಬರೂ ಬಟ್ಟೆ ಬಿಡಲಿಲ್ಲ. ಇಬ್ಬರ ಎಳೆದಾಟಕ್ಕೆ ಬಟ್ಟೆಯಿಂದ ಹಿಂಡಿದ ನೀರು ಮೇಜಿನ ಇನ್ನೊಂದು ಬದಿಗೆ ತೊಟ್ಟಿಕ್ಕುತ್ತಿತ್ತು. ಮೇಜಿನ ಮೇಲಿನ ಅರ್ಧ ಮುಖ ಮಾತ್ರ ಒಂದು ಹನಿಯೂ ತಾಗದೆ ಹಾಗೇ ಇತ್ತು.